ಗೆಳತಿಯರಿಗೆ ಮನೆಯಲ್ಲೇ ಸ್ಕ್ರಬ್, ಸೋಪು ಮಾಡಿ ಕೊಡಬೇಕು, ಈ ಸಲ ಬೂಷ್ಟು ಹಿಡಿಯಬಾರದು

ಕೈಮರದವಳು:

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವಳು, ಕೈಮರದ ಹತ್ತಿರ ಮನೆ. ಡಿಸೆಂಬರ್ 28ಕ್ಕೆ ನಮ್ಮ ಪಿಯುಸಿ ಗುಂಪಿನ ಏಳು ಜನ ನಮ್ಮ ಮನೆಯಲ್ಲಿ ಸೇರುತ್ತಿದ್ದೇವೆ. ಎಲ್ಲರೂ ಒಟ್ಟಿಗೆ ಕೂತು ಎಂಟು ವರ್ಷ ಆಯಿತು. ಬರಿಗೈಯಲ್ಲಿ ಕಳಿಸಲು ಮನಸ್ಸಿಲ್ಲ, ಅಂಗಡಿಯಿಂದ ಯಾವುದೋ ಫೋಟೋ ಫ್ರೇಮು ತಂದು ಕೊಡುವುದಕ್ಕೂ ಮನಸ್ಸಿಲ್ಲ. ಸ್ನಾನಕ್ಕೆ, ಮೈಗೆ ಹಚ್ಚಿಕೊಳ್ಳುವುದಕ್ಕೆ ಆಗುವಂಥದ್ದು ಏನಾದರೂ ನಾನೇ ಮಾಡಿ ಪುಟ್ಟ ಬುಟ್ಟಿಯಲ್ಲಿಟ್ಟು ಕೊಡೋಣ ಅಂತ ಆಸೆ. ಆರು ಬುಟ್ಟಿ ಬೇಕು. ಎಲ್ಲಾ ಸೇರಿ 1500 ರೂಪಾಯಿ ದಾಟಬಾರದು.

ಹೋದ ವರ್ಷ ಒಮ್ಮೆ ಮಾಡಿ ಮರ್ಯಾದೆ ಕಳೆದುಕೊಂಡಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಜುಲೈನಲ್ಲಿ ಒಬ್ಬಳ ಹುಟ್ಟುಹಬ್ಬಕ್ಕೆ ಕಾಫಿ ಸ್ಕ್ರಬ್ ಮಾಡಿದೆ. ಬೆಳಗ್ಗೆ ಫಿಲ್ಟರಿನಲ್ಲಿ ಉಳಿದ ಗಷ್ಟು, ಸಕ್ಕರೆ, ತೆಂಗಿನೆಣ್ಣೆ, ಹಿತ್ತಲಿನ ಲೋಳೆಸರದ ತಿರುಳು, ಮೇಲೆ ಎರಡು ಚಮಚ ಪನ್ನೀರು. ಬಾಟಲಿಗೆ ತುಂಬಿ ಸೆಣಬಿನ ದಾರ ಕಟ್ಟಿದಾಗ ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದರೆ ನಾನೇ ಇಟ್ಟುಕೊಳ್ಳೋಣ ಅನಿಸಿತ್ತು. ಹತ್ತನೇ ದಿನ ಅವಳಿಂದ ಒಂದು ಫೋಟೋ ಬಂತು. ಜೊತೆಗೆ, 'ಇದರ ಮೇಲೆ ಪುದೀನ ಹಾಕಿದ್ದೀಯಾ?' ಅನ್ನೋ ಪ್ರಶ್ನೆ. ಪುದೀನ ಅಲ್ಲ. ಬೂಷ್ಟು. ಹಸಿರು, ಬಿಳಿ ಎರಡೂ ಇತ್ತು.

ಆದ್ದರಿಂದ ಈ ಸಲ ಗೊತ್ತಿದ್ದವರನ್ನು ಕೇಳಿಯೇ ಶುರು ಮಾಡೋಣ ಅಂತ. ಏನು ಮಾಡಬಹುದು? ಸೋಪು ಮಾಡಲು ಆಗುತ್ತದಾ? ಆ ನೀರಿಗೆ ಹಾಕಿದರೆ ಬುಸ್ ಅನ್ನುವ ಬಾತ್ ಬಾಂಬ್ ಮಾಡೋಕೂ ಆಸೆ ಇದೆ. ನನ್ನ ಹತ್ತಿರ ಅಡುಗೆಯ ತೂಕದ ಯಂತ್ರ ಇದೆ, ಮಿಕ್ಸಿ ಇದೆ, ಮನೆಯ ತೋಟದ ಕಾಫಿ ಬೇಕಾದಷ್ಟಿದೆ. ಇವತ್ತು ಡಿಸೆಂಬರ್ 3. ಇನ್ನೊಂದು ವಿಷಯ, ಒಬ್ಬಳಿಗೆ ಎರಡು ತಿಂಗಳ ಮಗು ಇದೆ, ಒಬ್ಬಳಿಗೆ ಏನು ಹಚ್ಚಿದರೂ ಮೈ ತುರಿಸುತ್ತದೆ, ಒಬ್ಬಳು ದುಬೈಗೆ ವಾಪಸ್ ವಿಮಾನ ಹತ್ತುತ್ತಾಳೆ. ಎಲ್ಲರ ಮನೆಯಲ್ಲೂ ಬಕೆಟ್ ಸ್ನಾನವೇ, ಬಾತ್ ಟಬ್ ಯಾರ ಹತ್ತಿರವೂ ಇಲ್ಲ.


ಹಾಸನದ ಒಗ್ಗರಣೆ:

ಪುದೀನ! ಬೆಳಗ್ಗೆ ಬೆಳಗ್ಗೆ ನಗಿಸಿದಿರಿ.

ನಿಮ್ಮ ಸ್ಕ್ರಬ್ ಕೆಟ್ಟಿದ್ದಕ್ಕೆ ಒಂದೇ ಕಾರಣ, ನೀರು. ಗಷ್ಟಿನಲ್ಲಿ ನೀರು, ಲೋಳೆಸರ ಪೂರ್ತಿ ನೀರೇ, ಪನ್ನೀರು ಹೆಸರಲ್ಲೇ ನೀರು. ಮೇಲೆ ತಿನ್ನೋಕೆ ಸಕ್ಕರೆ ಬೇರೆ ಕೊಟ್ಟಿದ್ದೀರಿ. ಚಿಕ್ಕಮಗಳೂರಿನ ಜುಲೈನಲ್ಲಿ ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೇ ಬೂಷ್ಟು ಬರುತ್ತದೆ, ಇದಕ್ಕೆ ಬರದೆ ಇರುತ್ತದಾ? ಅಂಗಡಿಯ ಕ್ರೀಮಿನಲ್ಲೂ ನೀರಿರುತ್ತದೆ, ಆದರೆ ಅವರು ಅದಕ್ಕೆ ಅಳತೆ ನೋಡಿ ಕೆಡದಂತೆ ಕಾಯುವ ವಸ್ತು ಹಾಕಿರುತ್ತಾರೆ. ನಾವು ಮನೆಯಲ್ಲಿ ಮಾಡುವಾಗ ನೀರಿನ ಸಹವಾಸವೇ ಬೇಡ. ಒಂದೋ ಪೂರ್ತಿ ಒಣ ಪುಡಿ, ಇಲ್ಲವೋ ಪೂರ್ತಿ ಎಣ್ಣೆ, ಮೇಣ. ಇದನ್ನು ಹಿಡಿದುಕೊಂಡರೆ ನಿಮ್ಮ ಅರ್ಧ ಚಿಂತೆ ಹೋಯಿತು.

ಸ್ಕ್ರಬ್ ನಾನು ಮಾಡುವುದು ಹೀಗೆ. ಸಕ್ಕರೆ 200 ಗ್ರಾಂ, ಮಿಕ್ಸಿಯಲ್ಲಿ ಒಂದೇ ಒಂದು ಸುತ್ತು, ಪುಡಿ ಆಗಬಾರದು, ಹರಳಿನ ಚೂಪು ಮಾತ್ರ ಹೋಗಬೇಕು. ಕಾಫಿ ಪುಡಿ 40 ಗ್ರಾಂ. ಗಷ್ಟು ಬೇಡ, ಹೊಸ ಪುಡಿಯೇ ಹಾಕಿ, ನಿಮ್ಮದೇ ತೋಟ ಅಂತ ಹೇಳಿದಿರಲ್ಲ, ಜಿಪುಣತನ ಯಾಕೆ? ಆದರೆ ಚಿಕೋರಿ ಬೆರೆಸಿದ ಪುಡಿ ಬೇಡವೇ ಬೇಡ. ಚಿಕೋರಿ ಒದ್ದೆ ಕೈ ತಾಗಿದರೆ ಕರಗಿ ಅಂಟು ಅಂಟಾಗುತ್ತದೆ, ಟವೆಲ್ಲಿಗೂ ಕಂದು ಬಣ್ಣ ಹಿಡಿಯುತ್ತದೆ. ಎಣ್ಣೆ ಸುಮಾರು 100 ಗ್ರಾಂ. ಇಲ್ಲಿ ಒಂದು ಕಿತಾಪತಿ ಇದೆ. ಬರೀ ತೆಂಗಿನೆಣ್ಣೆ ಹಾಕಿದರೆ ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಡಿಸೆಂಬರಿನಲ್ಲಿ ನಿಮ್ಮ ಊರಲ್ಲಿ ಬೆಳಗ್ಗೆ ಎದ್ದು ಬಾಟಲಿಗೆ ಬೆರಳು ಹಾಕಿದರೆ ಸಿಮೆಂಟು. ಅರ್ಧ ತೆಂಗಿನೆಣ್ಣೆ, ಅರ್ಧ ಒಳ್ಳೆಣ್ಣೆ, ಅಂದರೆ ಎಳ್ಳೆಣ್ಣೆ ಹಾಕಿ. ಒಳ್ಳೆಣ್ಣೆ ವಾಸನೆ ಆಗದವರಿಗೆ ಬಾದಾಮಿ ಎಣ್ಣೆ, ಆದರೆ ಅದು ದುಬಾರಿ. ನಾನು ಅರಸೀಕೆರೆಯಿಂದ ಗಾಣದ ಕೊಬ್ಬರಿ ಎಣ್ಣೆ ತರಿಸುತ್ತೇನೆ, ಆ ಘಮಕ್ಕೆ ಬೇರೆ ಸೆಂಟ್ ಬೇಕಿಲ್ಲ.

ಬಾಟಲಿ ತೊಳೆದು ಬಿಸಿಲಲ್ಲಿ ಒಂದು ದಿನ ಪೂರ್ತಿ ಒಣಗಿಸಿ. ಮುಚ್ಚಳದ ಒಳಗಿನ ಸುರುಳಿಯಲ್ಲಿ ಒಂದು ಹನಿ ನೀರು ಅಡಗಿ ಕೂತಿರುತ್ತದೆ, ಕಳ್ಳ. ಒಳಗೆ ಒಂದು ಪುಟ್ಟ ಮರದ ಚಮಚ ಇಟ್ಟು, ಒದ್ದೆ ಕೈ ಹಾಕಬೇಡಿ ಅಂತ ಚೀಟಿ ಅಂಟಿಸಿ. ಯಾಕೆ ಅಂದರೆ ನೀವು ಎಷ್ಟೇ ಒಣಗಿಸಿ ಮಾಡಿದರೂ ಬಚ್ಚಲಲ್ಲಿ ಅವರು ಒದ್ದೆ ಕೈಯೇ ಹಾಕುತ್ತಾರೆ. ಅದಕ್ಕೇ ದೊಡ್ಡ ಬಾಟಲಿ ಬೇಡ, ನಾಲ್ಕೈದು ಸ್ನಾನಕ್ಕೆ ಮುಗಿಯುವಷ್ಟು 60 ಗ್ರಾಂ ಸಾಕು. ಆಮೇಲೆ ಮುಖಕ್ಕೆ ಉಜ್ಜಬೇಡಿ ಅಂತಲೂ ಬರೆಯಿರಿ, ಸಕ್ಕರೆ ಮುಖಕ್ಕೆ ಒರಟು. ಉಜ್ಜಿಕೊಂಡ ಮೇಲೆ ನೆಲ ಜಾರುತ್ತದೆ ಅಂತಲೂ. ನಮ್ಮತ್ತೆ ಒಮ್ಮೆ ಸ್ವಲ್ಪದರಲ್ಲಿ ಉಳಿದರು, ಅವತ್ತಿನಿಂದ ನಮ್ಮ ಮನೆಯಲ್ಲಿ ಸ್ಕ್ರಬ್ ಹೆಸರೆತ್ತಿದರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ.


ಬಚ್ಚಲೊಲೆ:

ಹುಡುಗಿ, ನಾನು ಮೂಡಿಗೆರೆ ಕಡೆಯವಳು, ಅರವತ್ತು ದಾಟಿದೆ. ಸ್ಕ್ರಬ್ಬು ಪಬ್ಬು ಎಲ್ಲಾ ಆಮೇಲೆ. ಸ್ನಾನದ ಪುಡಿ ಮಾಡಿ ಕೊಡು. ಬಕೆಟ್ ಸ್ನಾನದವರಿಗೆ ಅದಕ್ಕಿಂತ ಒಳ್ಳೆಯದು ಏನಿದೆ? ವಿಮಾನಕ್ಕೂ ತೊಂದರೆ ಇಲ್ಲ, ಚೆಲ್ಲುವುದಿಲ್ಲ, ಗಾಜಿನ ಬಾಟಲಿ ಬೇಡ.

ಹೆಸರುಕಾಳು ಅರ್ಧ ಕಿಲೋ, ಕಡಲೆಬೇಳೆ ಕಾಲು ಕಿಲೋ, ಕಸ್ತೂರಿ ಅರಿಶಿನ 50 ಗ್ರಾಂ, ಲಾವಂಚದ ಬೇರು ಒಂದು ಹಿಡಿ, ಕಚೋರ ಎರಡು ಮೂರು ತುಂಡು, ಒಣಗಿದ ಗುಲಾಬಿ ದಳ ಎರಡು ಹಿಡಿ, ಮೆಂತ್ಯ ಎರಡು ಚಮಚ. ಈಗ ಕಿತ್ತಳೆ ಕಾಲ, ತಿಂದು ಸಿಪ್ಪೆ ಬಿಸಾಡಬೇಡ, ಒಣಗಿಸಿ ಅದನ್ನೂ ಹಾಕು. ಅಡುಗೆಯ ಅರಿಶಿನ ಹಾಕಬೇಡ, ಟವೆಲ್ಲು, ಕುತ್ತಿಗೆ, ಬಕೆಟ್ಟು ಎಲ್ಲಾ ಹಳದಿ ಆಗುತ್ತದೆ. ಕಸ್ತೂರಿ ಅರಿಶಿನ ಅಷ್ಟು ಬಣ್ಣ ಬಿಡುವುದಿಲ್ಲ, ವಾಸನೆಯೂ ಕರ್ಪೂರದ ಹಾಗೆ ಬೇರೆ. ಎಲ್ಲವನ್ನೂ ಮೂರು ಬಿಸಿಲು ಒಣಗಿಸಬೇಕು. ಬಿಸಿಲು ಇಲ್ಲದಿದ್ದರೆ ಕಾಫಿ ಒಣಗಿಸುವ ಕಣದಲ್ಲಿ ಒಂದು ಮೂಲೆ ಕೇಳು, ಅಪ್ಪ ಇಲ್ಲ ಅನ್ನುವುದಿಲ್ಲ. ಕಾಳು ಕೈಯಲ್ಲಿ ಹಿಡಿದರೆ ಗಲಗಲ ಅನ್ನಬೇಕು. ಲಾವಂಚ ನಾರು ನಾರಾಗಿರುತ್ತದೆ, ಕತ್ತರಿಯಲ್ಲಿ ಚೂರು ಮಾಡದೆ ಹಾಕಿದರೆ ಮಿಕ್ಸಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ.

ಹಳೆಯ ಪಟ್ಟಿಗಳಲ್ಲಿ ಬಾವಂಚಿ ಅಂತ ಇರುತ್ತದೆ. ನಮ್ಮಮ್ಮನೂ ಹಾಕುತ್ತಿದ್ದರು. ನಾನು ಬಿಟ್ಟುಬಿಟ್ಟೆ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಕೆಲವರ ಚರ್ಮ ಕಪ್ಪಾಗಿ ಬೊಬ್ಬೆ ಬರುತ್ತದೆ. ಔಷಧಕ್ಕೆ ಬೇರೆ, ಉಡುಗೊರೆಗೆ ಬೇಡ.

ಜಾಸ್ತಿ ಮಾಡುವುದಾದರೆ ಮಿಲ್ಲಿಗೆ ಕೊಡಬೇಕಾಗುತ್ತದೆ. ಇದು ಮುಖ್ಯ, ಕೇಳು. ಸೀಗೆಪುಡಿ ಬೀಸುವ ಯಂತ್ರ ಬೇರೆ ಇರುವ ಕಡೆಯೇ ಹೋಗು, ಸೀಗೆ ಬೀಸಿದ ಮೇಲೇ ಹಾಕಿಸು. ಒಂದು ಸಲ ದೀಪಾವಳಿ ಹಿಂದಿನ ದಿನ ನಾನು ಗಡಿಬಿಡಿಯಲ್ಲಿ ಒಂದು ಮಿಲ್ಲಿಗೆ ಹೋದೆ. ನನಗಿಂತ ಮುಂಚೆ ಯಾರೋ ಬ್ಯಾಡಗಿ ಮೆಣಸಿನಕಾಯಿ ಬೀಸಿಸಿಕೊಂಡು ಹೋಗಿದ್ದರು. ಅವನು ಒರೆಸಿದ್ದೇನೆ ಅಂದ, ನಾನು ನಂಬಿದೆ. ನೀರು ತುಂಬುವ ಹಬ್ಬದ ಮಾರನೆ ಬೆಳಗ್ಗೆ ಎಣ್ಣೆ ಹಚ್ಚಿ, ಹಂಡೆ ನೀರು ಕಾಯಿಸಿ, ಇಡೀ ಮನೆಯವರು ಸಾಲಾಗಿ ಸ್ನಾನಕ್ಕೆ ಹೋದರು. ಮೊದಲು ಹೋದ ನಮ್ಮ ಯಜಮಾನರು ಬಚ್ಚಲಿನಿಂದ ಕೂಗಿದ ಕೂಗು ಪಕ್ಕದ ತೋಟಕ್ಕೂ ಕೇಳಿತ್ತು.

ಹಿತ್ತಲಲ್ಲಿ ತುಪ್ಪದ ಹೀರೆ ಬಳ್ಳಿ ಇದೆಯಾ? ಬಳ್ಳಿಯಲ್ಲೇ ಬಿಟ್ಟು ಒಣಗಿದ ಕಾಯಿ ಅಲ್ಲಾಡಿಸಿದರೆ ಬೀಜ ಸದ್ದು ಮಾಡುತ್ತದೆ. ನೀರಲ್ಲಿ ನೆನೆಸಿ ಸಿಪ್ಪೆ ಸುಲಿ, ಬೀಜ ಉದುರಿಸು, ತೊಳೆದು ಬಿಸಿಲಿಗೆ ಇಡು. ಮೈ ಉಜ್ಜುವ ನಾರು ಸಿದ್ಧ. ಒಂದು ಕಾಯಿಯಿಂದ ಮೂರು ತುಂಡು. ಪುಡಿಯ ಜೊತೆ ಅದನ್ನೂ ಇಡು. ಒಂದು ಪೈಸೆ ಖರ್ಚಿಲ್ಲ.


ತೋಟದ ಮನೆಯವ:

ಒಂದು ಕಹಿ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಂಥ ಉಡುಗೊರೆ ಯಾರೂ ಬಳಸುವುದಿಲ್ಲ. ನಮ್ಮ ಮನೆಯ ಬಚ್ಚಲ ಕಿಟಕಿಯಲ್ಲಿ ನನ್ನ ಹೆಂಡತಿಗೆ ಬಂದ ಮೂರು ಸ್ಕ್ರಬ್ಬು, ಒಂದು ಕಲ್ಲಿನಂಥ ಸೋಪು, ಗುಲಾಬಿ ಬಣ್ಣದ ಉಪ್ಪಿನ ಬಾಟಲಿ ಎರಡು ವರ್ಷದಿಂದ ಕೂತಿವೆ. ಎಸೆಯೋಕೆ ಮನಸ್ಸಿಲ್ಲ, ಗೆಳತಿ ಕೈಯಾರೆ ಮಾಡಿದ್ದು. ಹಚ್ಚೋಕೂ ಮನಸ್ಸಿಲ್ಲ. ಕಾಲು ಕಿಲೋ ಒಳ್ಳೆ ಅರೇಬಿಕಾ ಪುಡಿ ಕೊಡಿ, ಎರಡು ವಾರದಲ್ಲಿ ಖಾಲಿ, ನಿಮ್ಮ ನೆನಪು ದಿನಾ ಬೆಳಗ್ಗೆ.

ಕೊಡಲೇಬೇಕು ಅಂತಿದ್ದರೆ ಮುರುಗಲ ತುಪ್ಪದ ಮುಲಾಮು ಮಾಡಿ. ಅದನ್ನು ನಾನೂ ಬಳಸುತ್ತೇನೆ, ಗಂಡಸಾಗಿ ಒಪ್ಪಿಕೊಳ್ಳುತ್ತಿದ್ದೇನೆ. ಕಾಫಿ ಕೊಯ್ಲಿನ ಕಾಲದಲ್ಲಿ ನಮ್ಮ ತೋಟದಲ್ಲಿ ಹಿಮ್ಮಡಿ ಒಡೆಯದವರು ಯಾರೂ ಇಲ್ಲ. ಅಜ್ಜಿ ಮುರುಗಲ ತುಪ್ಪದ ಉಂಡೆಯನ್ನು ಒಲೆಯ ಹತ್ತಿರ ಹಿಡಿದು, ಮೆತ್ತಗಾದ ಮೇಲೆ ಸೀಳಿನೊಳಗೆ ತುಂಬುತ್ತಿದ್ದರು. ಈಗ ಅದನ್ನೇ ಕೋಕಂ ಬಟರ್ ಅಂತ ಚಂದದ ಡಬ್ಬಿಯಲ್ಲಿ ಮಾರುತ್ತಾರೆ. ಅದು ಹಾಗೇ ಹಚ್ಚೋಕೆ ಗಟ್ಟಿ, 40 ಡಿಗ್ರಿ ಹತ್ತಿರ ಬಂದರೆ ಮಾತ್ರ ಕರಗುತ್ತದೆ. ಸ್ವಲ್ಪ ಎಣ್ಣೆ ಬೆರೆಸಿದರೆ ಸರಿ ಹೋಗುತ್ತದೆ. ಅಳತೆ ಗೊತ್ತಿಲ್ಲ, ನಾನು ಕಣ್ಣಳತೆಯವನು. ಗೊತ್ತಿರುವವರು ಹೇಳಲಿ.


ಹಾಸನದ ಒಗ್ಗರಣೆ:

ಅಳತೆ ನಾನು ಹೇಳುತ್ತೇನೆ. ಜೇನುಮೇಣ 10 ಗ್ರಾಂ, ಮುರುಗಲ ತುಪ್ಪ 10 ಗ್ರಾಂ, ಎಣ್ಣೆ 30 ಗ್ರಾಂ. ಐದೈದು ಗ್ರಾಮಿನ ಹತ್ತು ಪುಟ್ಟ ಡಬ್ಬಿ ಆಗುತ್ತದೆ. ತುಟಿಗೂ ಆಗುತ್ತದೆ, ಹಿಮ್ಮಡಿಗೂ ಆಗುತ್ತದೆ, ಆದರೆ ಒಂದೇ ಡಬ್ಬಿಯಿಂದ ಎರಡಕ್ಕೂ ಬೇಡ ಅಂತ ಹೇಳಬೇಕಾ? ಹೇಳಬೇಕು, ನಮ್ಮ ಮನೆಯಲ್ಲಿ ಹೇಳಬೇಕಾಯಿತು.

ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟು, ಅದರೊಳಗೆ ಸಣ್ಣ ಸ್ಟೀಲ್ ಲೋಟ ಇಟ್ಟು ಮೇಣ ಕರಗಿಸಿ. ನೇರ ಬೆಂಕಿಗೆ ಬೇಡ. ಜೇನುಮೇಣ 62 ಡಿಗ್ರಿ ದಾಟಿದ ಮೇಲೆ ಕರಗುತ್ತದೆ, ನಿಧಾನ ಆಗುತ್ತದೆ, ಅವಸರ ಮಾಡಬೇಡಿ. ಮೇಣ ಕರಗಿದ ಮೇಲೆ ತುಪ್ಪ, ಕೊನೆಗೆ ಎಣ್ಣೆ. ಲೋಟದೊಳಗೆ ಒಂದು ಹನಿ ನೀರೂ ಹಾರಬಾರದು. ತಣ್ಣನೆ ತಟ್ಟೆ ಮೇಲೆ ಒಂದು ಹನಿ ಬಿಟ್ಟು ಎರಡು ನಿಮಿಷ ನೋಡಿ, ನಾವು ಸಕ್ಕರೆ ಪಾಕ ನೋಡುವುದಿಲ್ಲವಾ, ಹಾಗೇ. ಬೆರಳಿಗೆ ಗಟ್ಟಿ ಅನಿಸಿದರೆ ಎಣ್ಣೆ ಸೇರಿಸಿ, ಜಾರಿದರೆ ಮೇಣ. ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ ಮೇಣದಬತ್ತಿ ಆಗುತ್ತದೆ. ಹಳೆ ಪೇಪರಿನಲ್ಲಿ ಒರೆಸಿ ಒಲೆಗೆ ಹಾಕಿ.


ಚಿಟ್ಟೆ ರೆಕ್ಕೆ:

ಸ್ಕ್ರಬ್ಬಿಗೆ ಒಂದು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿ, ಬೂಷ್ಟು ಬರಲ್ಲ. ನಾನು ವಿಡಿಯೋದಲ್ಲಿ ನೋಡಿದ್ದೆ. ಲೋಳೆಸರವನ್ನೂ ಆರಾಮಾಗಿ ಹಾಕಬಹುದು.


ಪ್ರಯೋಗಶಾಲೆ:

ಇಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ, ತಪ್ಪು. ವಿಟಮಿನ್ ಇ ಎಣ್ಣೆ ಬೇಗ ಕಮಟು ಹಿಡಿಯದಂತೆ ತಡೆಯುತ್ತದೆ, ಅಷ್ಟೇ. ಬೂಷ್ಟಿಗೂ ಬ್ಯಾಕ್ಟೀರಿಯಾಗೂ ಅದು ಏನೂ ಮಾಡುವುದಿಲ್ಲ. ಕಮಟು ಬೇರೆ, ಬೂಷ್ಟು ಬೇರೆ. ಮುಲಾಮಿಗೆ ಹಾಕಿ, ಒಳ್ಳೆಯದು. ಲೋಳೆಸರವನ್ನು ಅದು ಕಾಯುವುದಿಲ್ಲ.

ನಾನು ಹಾಸನದಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಆರು ವರ್ಷದಿಂದ ಮನೆಯಲ್ಲಿ ಸೋಪು ಮಾಡುತ್ತಿದ್ದೇನೆ. ಸೋಪಿನ ವಿಷಯಕ್ಕೆ ಬರುತ್ತೇನೆ. ಕಾಸ್ಟಿಕ್ ಸೋಡಾ ಹಾಕಿ ಮಾಡುವ ನಿಜವಾದ ಸೋಪು ನಿಮಗೆ ಈ ಸಲ ಬೇಡ. ಮೊದಲನೆಯದು, ಸಮಯ ಇಲ್ಲ. ಮಾಡಿದ ಮೇಲೆ ನಾಲ್ಕರಿಂದ ಆರು ವಾರ ಗಾಳಿಗೆ ಇಡಬೇಕು, ನಿಮ್ಮ ಹತ್ತಿರ 25 ದಿನ ಇದೆ. ಎರಡನೆಯದು, ಅದು ಕೈ ಸುಡುವ ವಸ್ತು. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಮುಟ್ಟಬಾರದು. ನೀರಿಗೆ ನಿಧಾನವಾಗಿ ಸೋಡಾ ಹಾಕಬೇಕು, ಸೋಡಾ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಅಲ್ಯೂಮಿನಿಯಂ ಪಾತ್ರೆ ತಾಗಿಸಿದರೆ ಪಾತ್ರೆಯನ್ನೇ ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ, ನಮ್ಮ ಕಡೆ ಹಳೆ ಪಾತ್ರೆ ಅಂದರೆ ಅಲ್ಯೂಮಿನಿಯಮ್ಮೇ ಅಲ್ವಾ, ಅದಕ್ಕೇ ಹೇಳಿದೆ. ಮೂರನೆಯದು, ಒಂದೊಂದು ಎಣ್ಣೆಗೆ ಒಂದೊಂದು ಲೆಕ್ಕ. 100 ಗ್ರಾಂ ತೆಂಗಿನೆಣ್ಣೆ ಸುಮಾರು 18 ಗ್ರಾಂ ಸೋಡಾ ಕೇಳುತ್ತದೆ, ಅದೇ ಕಡಲೆಕಾಯಿ ಎಣ್ಣೆ 14ರ ಒಳಗೇ. ತೆಂಗಿನೆಣ್ಣೆ ಮುಗಿಯಿತು ಅಂತ ಇದನ್ನು ಸುರಿದರೆ ಮಿಕ್ಕ ಸೋಡಾ ಸೋಪಿನಲ್ಲೇ ಉಳಿದು ಮೈ ಉರಿಯುತ್ತದೆ. ಮೈಸೂರು ಸಂಸ್ಥಾನ 1918ರಲ್ಲಿ ಸೋಪು ಶುರು ಮಾಡುವಾಗ ಈ ವಿದ್ಯೆ ಕಲಿಯಲು ಎಸ್.ಜಿ. ಶಾಸ್ತ್ರಿಯವರನ್ನು ಲಂಡನ್ನಿಗೆ ಕಳಿಸಿತ್ತು. ನಾವು ಎರಡು ನಿಮಿಷದ ವಿಡಿಯೋ ನೋಡಿ ಕುಕ್ಕರ್ ಪಕ್ಕ ಶುರು ಮಾಡುತ್ತೇವೆ.

ನಿಮಗೆ ಸರಿ ಹೋಗುವುದು ಸೋಪ್ ಬೇಸ್. ಅದು ಆಗಲೇ ಸೋಪು ಆಗಿರುವ ಗಟ್ಟಿ, ಕರಗಿಸಿ ಅಚ್ಚಿಗೆ ಹಾಕಿದರೆ ಆಯಿತು. ಒಂದು ಕಿಲೋ ತಂದರೆ 100 ಗ್ರಾಮಿನ ಹತ್ತು ಬಿಲ್ಲೆ. ನಾನು ಹೋದ ಸಲ ಕಿಲೋಗೆ ಮುನ್ನೂರು ಚಿಲ್ಲರೆ ಕೊಟ್ಟೆ. ಚಿಕ್ಕದಾಗಿ ಕತ್ತರಿಸಿ ಬಿಸಿ ನೀರಿನ ಮೇಲೆ ಕರಗಿಸಿ, ಕುದಿಸಬೇಡಿ. ಸ್ವಲ್ಪ ತಣಿದು ಮಂದ ಆದ ಮೇಲೆ ಕಾಫಿ ಪುಡಿ ಕಲಸಿ, ಬಿಸಿ ಇರುವಾಗಲೇ ಹಾಕಿದರೆ ಎಲ್ಲಾ ತಳಕ್ಕೆ ಕೂರುತ್ತದೆ. ಗುಲಾಬಿ ದಳ ಒಳಗೆ ಹಾಕಬೇಡಿ, ಒಂದು ವಾರಕ್ಕೆ ಕಂದು ಬಣ್ಣಕ್ಕೆ ತಿರುಗಿ ಸತ್ತ ಜಿರಳೆ ರೆಕ್ಕೆ ಥರ ಕಾಣುತ್ತದೆ. ಅಚ್ಚಿಗೆ ಇಡ್ಲಿ ತಟ್ಟೆ ಸಾಕು, ತೆಳುವಾಗಿ ಎಣ್ಣೆ ಸವರಿ. ಅಚ್ಚಿನಿಂದ ತೆಗೆದ ತಕ್ಷಣ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ. ಬೇಸಿನಲ್ಲಿ ಗ್ಲಿಸರಿನ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಿಮ್ಮೂರಿನ ಮಂಜಿನಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಸೋಪು ಬೆವೆತು ಕೂತಿರುತ್ತದೆ.

ಸುವಾಸನೆಯ ಎಣ್ಣೆ ಹಾಕುವುದಾದರೆ ಮೈಮೇಲೆ ಉಳಿಯುವ ಮುಲಾಮಿಗೆ ನೂರಕ್ಕೆ ಒಂದು ಭಾಗ, ಅದಕ್ಕಿಂತ ಜಾಸ್ತಿ ಬೇಡ. 50 ಗ್ರಾಮಿಗೆ ಹತ್ತು ಹನಿ. ಲವಂಗ, ದಾಲ್ಚಿನ್ನಿ ಎಣ್ಣೆ ಬೇಡ, ಸುಡುತ್ತದೆ. ಗಾಣದಂತೆ ಒತ್ತಿ ತೆಗೆದ ನಿಂಬೆ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಕಲೆ ಬೀಳಬಹುದು. ಇನ್ನು ನೂರೈವತ್ತು ರೂಪಾಯಿಗೆ ಗಂಧದೆಣ್ಣೆ ಸಿಕ್ಕಿತು ಅಂದರೆ ಅದರಲ್ಲಿ ಗಂಧ ಇಲ್ಲ, ಹೆಸರು ಮಾತ್ರ ಇದೆ. ಪುಟ್ಟ ಮಗು ಇರುವವರಿಗೂ ತುರಿಕೆ ಇರುವವರಿಗೂ ಯಾವ ಪರಿಮಳವೂ ಹಾಕದೆ ಬೇರೆಯಾಗಿ ಮಾಡಿ. ಎಲ್ಲರಿಗೂ ಏನೇನು ಹಾಕಿದ್ದೀರಿ ಅಂತ ಚೀಟಿ ಬರೆದು ಕೊಡಿ, ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ ಅಂತಲೂ ಹೇಳಿ.


ಕೈಮರದವಳು:

ಅಯ್ಯೋ, ಇಷ್ಟು ಸಹಾಯ ನಿರೀಕ್ಷೆ ಮಾಡಿರಲಿಲ್ಲ. ಬಚ್ಚಲೊಲೆ ಅಮ್ಮ, ಮೆಣಸಿನಕಾಯಿ ಕಥೆಯನ್ನು ನಮ್ಮಮ್ಮನಿಗೆ ಓದಿ ಹೇಳಿದೆ, ಕೆಮ್ಮು ಬರುವವರೆಗೆ ನಕ್ಕರು. ತೋಟದ ಮನೆಯವರೇ, ನಿಮ್ಮ ಮಾತು ಚುಚ್ಚಿತು, ಆದರೆ ನಿಜ ಅನಿಸಿತು. ನನ್ನ ಕಿಟಕಿಯಲ್ಲೂ ಒಂದು ಗುಲಾಬಿ ಉಪ್ಪಿದೆ.

ಬಾತ್ ಬಾಂಬ್ ಬಗ್ಗೆ ಯಾರೂ ಹೇಳಲಿಲ್ಲ. ಬಕೆಟ್ಟಿಗೆ ಹಾಕಿದರೆ ಏನಾಗುತ್ತದೆ?


ಘಟ್ಟದ ಮಳೆ:

ಬಕೆಟ್ಟಿಗೆ ಹಾಕಿದರೆ ಎರಡು ನಿಮಿಷ ಬುಸುಗುಟ್ಟುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನೀರು ತಣ್ಣಗಾಗುತ್ತದೆ. ಅಷ್ಟೇ.

ನಾನು ಸಕಲೇಶಪುರದವನು, ಆಗಸ್ಟ್ ತಿಂಗಳಲ್ಲಿ ಅಕ್ಕನ ಮಗಳಿಗೆ ಅಂತ ಮಾಡಿದ್ದೆ. ಅಡುಗೆ ಸೋಡಾ ಎರಡು ಪಾಲು, ನಿಂಬೆ ಉಪ್ಪು ಒಂದು ಪಾಲು, ಸ್ವಲ್ಪ ಕಾರ್ನ್ ಫ್ಲೋರ್, ಸ್ವಲ್ಪ ಎಣ್ಣೆ. ಒತ್ತಿ ಉಂಡೆ ಮಾಡಿ, ಒಣಗಲಿ ಅಂತ ಮೇಜಿನ ಮೇಲೆ ಇಟ್ಟು ಮಲಗಿದೆ. ಸೋಡಾ ಮತ್ತು ನಿಂಬೆ ಉಪ್ಪು ಒಣಗಿರುವಾಗ ಸುಮ್ಮನೆ ಇರುತ್ತವೆ, ನೀರು ತಾಗಿದರೆ ಒಂದಕ್ಕೊಂದು ಜಗಳಕ್ಕೆ ಬಿದ್ದು ಗಾಳಿ ಬಿಡುತ್ತವೆ, ಅದೇ ಬುಸ್ ಅನ್ನುವುದು. ಆದರೆ ನಮ್ಮೂರ ಆಗಸ್ಟಿನಲ್ಲಿ ಗಾಳಿಯೇ ನೀರಲ್ವಾ! ರಾತ್ರಿಯಿಡೀ ಅವು ತಮ್ಮಷ್ಟಕ್ಕೆ ಬುಸುಗುಟ್ಟಿ, ಬೆಳಗ್ಗೆ ನೋಡಿದರೆ ಹನ್ನೆರಡು ಉಂಡೆ ಸೇರಿ ಒಂದು ಹುತ್ತ ಆಗಿತ್ತು. ಡಿಸೆಂಬರಿನಲ್ಲಿ ಇಷ್ಟು ತೊಂದರೆ ಇರುವುದಿಲ್ಲ, ಬಿಸಿಲು ಹೊತ್ತಲ್ಲಿ ಮಾಡಿ ಗಾಳಿಯಾಡದ ಡಬ್ಬಿಗೆ ಹಾಕಿದರೆ ನಿಲ್ಲುತ್ತದೆ. ಆದರೂ ಬಕೆಟ್ಟಿಗೆ ಅದು ದಂಡ. ಕಾಲು ಮುಳುಗಿಸಿ ಕೂರುವ ಟಬ್ ಇದ್ದವರಿಗೆ ಎಪ್ಸಂ ಉಪ್ಪು, ಒಣ ಲಾವಂಚ ಸೇರಿಸಿ ಬಟ್ಟೆ ಚೀಲದಲ್ಲಿ ಕಟ್ಟಿ ಕೊಡಿ. ಬಿಸಿನೀರಿಗೆ ಎರಡು ಹಿಡಿ. ದಿನವಿಡೀ ನಿಂತು ಕೆಲಸ ಮಾಡಿದ ಕಾಲಿಗೆ ಹಿತ.


ಚಿಟ್ಟೆ ರೆಕ್ಕೆ:

ಪ್ರಯೋಗಶಾಲೆಯವರೇ, ಥ್ಯಾಂಕ್ಸ್, ತಿದ್ದಿಕೊಂಡೆ. ಇದನ್ನೆಲ್ಲಾ ಚೆನ್ನಾಗಿ ಪ್ಯಾಕ್ ಮಾಡಿ ಇನ್‌ಸ್ಟಾದಲ್ಲಿ ಮಾರಬಹುದಲ್ವಾ? ಹೋಂಸ್ಟೇಗಳಿಗೆ ಕೊಟ್ಟರೆ ಒಳ್ಳೆ ವ್ಯಾಪಾರ.


ಪ್ರಯೋಗಶಾಲೆ:

ಗೆಳತಿಗೆ ಕೊಡುವುದು ಬೇರೆ, ಮಾರುವುದು ಬೇರೆ. ಸೋಪು, ಮುಲಾಮು ಮಾಡಿ ಮಾರಲು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಕೆಳಗೆ ಲೈಸೆನ್ಸ್ ಬೇಕು, 2020ರಿಂದ ಸೌಂದರ್ಯವರ್ಧಕಗಳಿಗೇ ಬೇರೆ ನಿಯಮ ಬಂದಿದೆ. ಮನೆಯ ಅಡುಗೆಕೋಣೆಯಲ್ಲಿ ಮಾಡಿ ಹೋಂಸ್ಟೇಗೆ ಕೊಟ್ಟು, ಅಲ್ಲಿ ಯಾರಿಗೋ ಮೈ ಬೊಬ್ಬೆ ಬಂದರೆ ಏನು ಮಾಡುತ್ತೀರಿ? ಆ ದಾರಿ ಬೇಕಿದ್ದರೆ ಬೇರೆ ಪ್ರಶ್ನೆಯಾಗಿ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.


ಬಚ್ಚಲೊಲೆ:

ತಲೆಗೆ ಹಚ್ಚುವ ಎಣ್ಣೆ ಒಂದು ಬಿಟ್ಟುಹೋಯಿತು. ದಾಸವಾಳದ ಹೂವು, ಗರುಗದ ಸೊಪ್ಪು, ಒಂದೆಲಗ, ಎಲ್ಲಾ ಅರೆದು ತೆಂಗಿನೆಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಇಡು. ಮೊದಲು ಚಟಚಟ ಅನ್ನುತ್ತದೆ. ಅದು ಸೊಪ್ಪಿನ ನೀರು ಹೋಗುವ ಸದ್ದು. ಸದ್ದು ಪೂರ್ತಿ ನಿಂತು ಸೊಪ್ಪು ಗರಿಗರಿ ಆಗುವವರೆಗೆ ಇಳಿಸಬೇಡ. ಆ ಹಾಸನದ ಒಗ್ಗರಣೆ ಹುಡುಗ ಹೇಳಿದ ನೀರಿನ ಮಾತು ನಮ್ಮಜ್ಜಿಗೂ ಗೊತ್ತಿತ್ತು, ಕೆಮಿಸ್ಟ್ರಿ ಓದಿರಲಿಲ್ಲ ಅಷ್ಟೇ. ತಣಿದ ಮೇಲೆ ಬಟ್ಟೆಯಲ್ಲಿ ಸೋಸು. ಹಿಂಡಬೇಡ, ಹಿಂಡಿದರೆ ಚರಟ ಇಳಿದು ಬೇಗ ಕೆಡುತ್ತದೆ.


ಹಾಸನದ ಒಗ್ಗರಣೆ:

ಅಮ್ಮ, ನಾನು ಹುಡುಗ ಅಲ್ಲ, ಹುಡುಗಿ. ನಲವತ್ತೆರಡು ವರ್ಷದ ಹುಡುಗಿ.


ಬಚ್ಚಲೊಲೆ:

ನಲವತ್ತೆರಡು ಅಂದರೆ ನನಗೆ ಹುಡುಗಿಯೇ. ತಪ್ಪಾಯಿತು.


ಕೈಮರದವಳು:

ಎಲ್ಲರಿಗೂ ಜನವರಿ ನಮಸ್ಕಾರ. ಏನಾಯಿತು ಅಂತ ಹೇಳದೆ ಹೋದರೆ ಸರಿಯಲ್ಲ.

ಕೊನೆಗೆ ಬುಟ್ಟಿಯಲ್ಲಿ ಇಟ್ಟದ್ದು ನಾಲ್ಕೇ. ಸ್ನಾನದ ಪುಡಿ 100 ಗ್ರಾಂ ಬಟ್ಟೆ ಚೀಲದಲ್ಲಿ, ಹೀರೆ ನಾರು ಒಂದು ತುಂಡು, ಮುರುಗಲ ತುಪ್ಪದ ಮುಲಾಮು, ಒಂದು ಕಾಫಿ ಸೋಪು. ಜೊತೆಗೆ ತೋಟದ ಮನೆಯವರ ಮಾತಿಗೆ ಬೆಲೆ ಕೊಟ್ಟು ಕಾಲು ಕಿಲೋ ಕಾಫಿ ಪುಡಿ. ಸ್ಕ್ರಬ್ ಮಾಡಿ ನಾನೇ ಇಟ್ಟುಕೊಂಡೆ, ಒಂದು ತಿಂಗಳು ಆಗುತ್ತಾ ಬಂತು, ಪುದೀನ ಬಂದಿಲ್ಲ. ಖರ್ಚು 1340 ಆಯಿತು, ಅದರಲ್ಲಿ ಬುಟ್ಟಿಗೇ 420. ಬುಟ್ಟಿ ಬೇಡವಿತ್ತು ಅಂತ ಈಗ ಅನಿಸುತ್ತಿದೆ.

ಎಡವಿದ್ದೂ ಇದೆ. ಇಡ್ಲಿ ತಟ್ಟೆಯಲ್ಲಿ ಸೋಪು ಮಾಡಿದೆ, ಆಕಾರ ಬಹಳ ಚೆನ್ನಾಗಿ ಬಂತು, ಎಷ್ಟು ಚೆನ್ನಾಗಿ ಅಂದರೆ ಅಪ್ಪ ರಾಗಿ ಇಡ್ಲಿ ಅಂತ ಒಂದು ಎತ್ತಿಕೊಂಡು ಚಟ್ನಿ ಕೇಳಿದರು. ಆಮೇಲೆ ಆ ತಟ್ಟೆಯನ್ನು ಎಷ್ಟು ಸಲ ಉಜ್ಜಿದರೂ ಅಮ್ಮ ಇಡ್ಲಿಗೆ ಮುಟ್ಟಲು ಒಪ್ಪುತ್ತಿಲ್ಲ. ಈಗ ಅದು ಅಧಿಕೃತವಾಗಿ ಸೋಪಿನ ತಟ್ಟೆ, ಹೊಸದು ನಾನು ತಂದುಕೊಡಬೇಕಂತೆ. ಪುಡಿಗೆ ಲಾವಂಚ ಕತ್ತರಿಸದೆ ಹಾಕಿ ಮಿಕ್ಸಿ ನಿಲ್ಲಿಸಿದ್ದೂ ಆಯಿತು, ಬಚ್ಚಲೊಲೆ ಅಮ್ಮ ಎಚ್ಚರಿಸಿದ್ದರೂ.

ದುಬೈನವಳು ಮುಲಾಮಿನ ಡಬ್ಬಿಯನ್ನು ಕೈಚೀಲದಲ್ಲೇ ಒಯ್ದಳು, 100 ಮಿಲಿ ಒಳಗೆ ಅಂತ ಯಾರೂ ಕೇಳಲಿಲ್ಲ. ಮಗುವಿನ ಅಮ್ಮನಿಗೆ ಪರಿಮಳ ಇಲ್ಲದ್ದು ಕೊಟ್ಟೆ, ಅದನ್ನು ಅವಳ ಅತ್ತೆ ಹಿಮ್ಮಡಿಗೆ ಅಂತ ಎತ್ತಿಟ್ಟುಕೊಂಡರಂತೆ. ನಿನ್ನೆ ಫೋನು ಮಾಡಿ ಇನ್ನೂ ಎರಡು ಡಬ್ಬಿ ಬೇಕು ಅಂದಳು. ಆದರೆ ನನ್ನ ಹತ್ತಿರ ಇದ್ದ ಮುರುಗಲ ತುಪ್ಪ ಮುಗಿದಿದೆ. ಅದು ಪಕ್ಕದ ಮನೆಯ ಅಜ್ಜಿ ಕೊಟ್ಟಿದ್ದ ಒಂದೇ ಉಂಡೆ. ನಮ್ಮ ತೋಟದ ಬೇಲಿಯಲ್ಲಿ ಎರಡು ಮರ ಇದೆ, ಹಣ್ಣಿನ ಸಿಪ್ಪೆ ಒಣಗಿಸಿ ಸಾರಿಗೆ ಇಡುತ್ತೇವೆ, ಬೀಜ ಎಸೆಯುತ್ತೇವೆ. ತುಪ್ಪ ತೆಗೆಯುವುದು ಬೀಜದಿಂದಲಾ?


ಬಚ್ಚಲೊಲೆ:

ಬೀಜದಿಂದಲೇ. ಇಷ್ಟು ವರ್ಷ ಎಸೆದೆಯಲ್ಲ! ಏಪ್ರಿಲ್, ಮೇನಲ್ಲಿ ಹಣ್ಣಾಗುತ್ತದೆ. ಬೀಜ ತೊಳೆದು ಚೆನ್ನಾಗಿ ಒಣಗಿಸಿ, ಸಿಪ್ಪೆ ಬಿಡಿಸಿ, ಕುಟ್ಟಿ ಪುಡಿ ಮಾಡಿ ದೊಡ್ಡ ಪಾತ್ರೆಯ ನೀರಲ್ಲಿ ಕುದಿಸು. ತುಪ್ಪ ಮೇಲೆ ತೇಲುತ್ತದೆ, ತಣಿದ ಮೇಲೆ ಹೆಪ್ಪುಗಟ್ಟಿ ಕೂರುತ್ತದೆ, ಎತ್ತಿಕೊಂಡು ಇನ್ನೊಮ್ಮೆ ಕಾಯಿಸಿ ನೀರು ಆರಿಸಿ ಉಂಡೆ ಕಟ್ಟು. ಬೀಜ ಬೇಕಾದಷ್ಟು ಬೇಕು, ಎರಡು ಮರದ್ದು ಸಾಲದಿದ್ದರೆ ಅಕ್ಕಪಕ್ಕದವರನ್ನೂ ಈಗಲೇ ಕೇಳಿಟ್ಟುಕೋ, ಮಳೆ ಹಿಡಿಯುವ ಮುಂಚೆ ಒಣಗಿಸಬೇಕು.